ಶಾಲೆಗೆ ಬೆನ್ನು ಮಾಡಿ ನಿಂತ ಆನೆ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ. ಭಾಷಣಕಾರರು 2006ರ ಎಸ್‌ಎಸ್‌ಎಲ್‌ಸಿ ತಂಡದ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸ್ವಾಗತ ಸಮಿತಿಯವರು ನನಗೆ ಕೊಟ್ಟ ವಿಷಯ ‘ತಂತ್ರಜ್ಞಾನ ಮತ್ತು ಗ್ರಾಮೀಣ ವಿದ್ಯಾರ್ಥಿ’. ಆದರೆ ನಿನ್ನೆ ಬೆಳಿಗ್ಗೆಯಿಂದ ಗೇಟಿನಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ‘ಆ ಆನೆ ಯಾಕೆ ಹಾಗೆ ನಿಂತಿದೆ? ಬಂದವರಿಗೆ ಮುಖ ತೋರಿಸಬೇಕೋ, ಹಿಂಭಾಗ ತೋರಿಸಬೇಕೋ?’ ಆದ್ದರಿಂದ ಸಮಿತಿಯವರ ಒಪ್ಪಿಗೆ ಪಡೆದು ವಿಷಯ ಬದಲಿಸಿದ್ದೇನೆ. ಆ ಆನೆಯ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

ಮೊದಲು ನಮ್ಮ ಶಾಲೆಯ ಗಂಟೆ. ಅದು ಗಂಟೆಯಲ್ಲ, ರೈಲು ಕಂಬಿಯ ಒಂದು ತುಂಡು ಎಂದು ಎಲ್ಲರಿಗೂ ಗೊತ್ತು. ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗವನ್ನು ಬ್ರಾಡ್‌ಗೇಜ್ ಮಾಡಲು 1996ರಲ್ಲಿ ಮುಚ್ಚಿದರು. ನಾವು ಹೈಸ್ಕೂಲಿನಲ್ಲಿದ್ದ ಮೂರು ವರ್ಷವೂ ಸಕಲೇಶಪುರದ ಘಾಟಿಯಲ್ಲಿ ರೈಲು ಓಡಲಿಲ್ಲ. ಗುಜರಿಯಿಂದ ಯಾರೋ ಪುಣ್ಯಾತ್ಮರು ತಂದು ಕೊಟ್ಟ ಆ ಕಂಬಿಯ ತುಂಡು ಮಾತ್ರ ದಿನಕ್ಕೆ ಹತ್ತು ಸಲ ಕೂಗುತ್ತಿತ್ತು. ರೈಲೇ ನೋಡದ ಮಕ್ಕಳು ಕಂಬಿಯ ಸದ್ದಿಗೆ ಓಡಿ ಬಂದು ಸಾಲಾಗಿ ನಿಲ್ಲುತ್ತಿದ್ದೆವು.

ಇದರ ಕಡೆ ನಮ್ಮ ಗಮನ ಸೆಳೆದವರು ಡ್ರಾಯಿಂಗ್ ಮೇಷ್ಟ್ರು. ಒಂಬತ್ತನೇ ತರಗತಿಯಲ್ಲಿ ನಮ್ಮನ್ನು ಬೇಲೂರು, ಹಳೇಬೀಡಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಹಳೇಬೀಡಿನಲ್ಲಿ ಎಲ್ಲರೂ ತಲೆ ಎತ್ತಿ ನೋಡುತ್ತಿದ್ದರೆ ಮೇಷ್ಟ್ರು ನಮ್ಮನ್ನು ನೆಲದಲ್ಲಿ ಕೂರಿಸಿದರು. ಗೋಡೆಯ ಪಟ್ಟಿಕೆಗಳಲ್ಲಿ ಅತಿ ಕೆಳಗಿನದು ಆನೆಗಳ ಸಾಲು. ‘ಇಡೀ ದೇವಸ್ಥಾನದ ಭಾರ ಹೊತ್ತಿರೋದು ಇವು. ಒಂದರಂತೆ ಇನ್ನೊಂದು ಇದೆಯಾ ಹುಡುಕಿ’ ಎಂದರು. ಅರ್ಧ ಗಂಟೆ ಹುಡುಕಿದೆವು. ಸಿಗಲಿಲ್ಲ.

ಮುಂದಿನ ವಾರ ಡ್ರಾಯಿಂಗ್ ಪೀರಿಯಡ್‌ನಲ್ಲಿ ಒಬ್ಬ ಹುಡುಗ, ‘ಸಾರ್, ನಾವೂ ಕಲ್ಲಿನಲ್ಲಿ ಕೆತ್ತಬಹುದಾ?’ ಎಂದ. ಮೇಷ್ಟ್ರು ನಕ್ಕರು. ‘ಹೊಯ್ಸಳರ ಶಿಲ್ಪಿಗಳಿಗೆ ಬಳಪದ ಕಲ್ಲು ಹತ್ತಿರ ಸಿಕ್ಕಿತು, ಅದರಲ್ಲಿ ಮಾಡಿದರು. ನಿಮಗೆ ಹತ್ತಿರ ಏನು ಸಿಗುತ್ತೋ ಅದನ್ನು ತನ್ನಿ’ ಎಂದರು. ಮಾರನೆಯ ದಿನ ನಾವು ತಂದ ರಾಶಿ ನೋಡಬೇಕಿತ್ತು! ಅಡಿಕೆ ಹಾಳೆ, ಸಿಲ್ವರ್ ಮರದ ತೊಗಟೆ, ಕಾಫಿ ಬೇರು, ಹೇಮಾವತಿಯ ನುಣುಪು ಕಲ್ಲು; ಜೊತೆಗೆ ಸೈಕಲ್ ಚೈನು, ಪಂಪ್‌ಸೆಟ್ಟಿನ ವಾಷರ್, ಹರಿದ ಟ್ಯೂಬು, ಮುರಿದ ಮಂಗಳೂರು ಹೆಂಚು. ನಾನು ಒಂದು ಆನೆ ಮಾಡಿದೆ. ಕಿವಿಗೆ ಅಡಿಕೆ ಹಾಳೆ, ಸೊಂಡಿಲಿಗೆ ಸೈಕಲ್ ಟ್ಯೂಬು. ಚೆನ್ನಾಗಿ ಕಾಣಲೆಂದು ಇಡೀ ಆನೆಗೆ ಬೂದು ಬಣ್ಣ ಬಳಿದೆ. ಮೇಷ್ಟ್ರು ನೋಡಿ, ‘ಬಣ್ಣ ಯಾಕೋ ಬಳಿದೆ? ಹಾಳೆ ಹಾಳೆಯಾಗಿಯೇ ಇದ್ದು ಕಿವಿ ಆಗಬೇಕು. ಟ್ಯೂಬು ಟ್ಯೂಬಾಗಿಯೇ ಇದ್ದು ಸೊಂಡಿಲಾಗಬೇಕು. ನೋಡುವವನಿಗೆ ಎರಡೂ ಕಾಣಬೇಕು’ ಎಂದರು. ನನಗೆ ಅರ್ಥವಾಗಲಿಲ್ಲ, ಬೇಜಾರಾಯಿತು ಅಷ್ಟೇ.

ಆಮೇಲೆ ಪಿಯುಸಿ, ಹಾಸನದಲ್ಲಿ ಬಿ.ಇ., ಬೆಂಗಳೂರಿನ ಕೆಲಸ. ಮೇಷ್ಟ್ರ ಮಾತು ಮರೆತೇ ಹೋಗಿತ್ತು.

2024ರ ಫೆಬ್ರವರಿಯ ಒಂದು ಭಾನುವಾರ ಮಗನನ್ನು ಕರೆದುಕೊಂಡು ಲಾಲ್‌ಬಾಗ್‌ಗೆ ಹೋದೆ. ತಿರುವಿನಲ್ಲಿ ಹುಲ್ಲಿನ ಮೇಲೆ ಆನೆಗಳ ಹಿಂಡು ನಿಂತಿತ್ತು. ನಿಜ ಗಾತ್ರದವು, ದೊಡ್ಡವು, ಮರಿಗಳು, ಹತ್ತಾರು. ಜನ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಾನು ಏನು ಮಾಡಿದೆ ಗೊತ್ತೇ? ಮಗನ ಕೈ ಗಟ್ಟಿಯಾಗಿ ಹಿಡಿದು ಯಾವ ಕಡೆ ಓಡುವುದು ಎಂದು ನೋಡಿದೆ. ಒಂದು ಕ್ಷಣ ಅಷ್ಟೇ. ಆದರೆ ನೀವೆಲ್ಲ ನಗುತ್ತಿಲ್ಲ, ಯಾಕೆಂದರೆ ನೀವೂ ಹಾಗೇ ಮಾಡುತ್ತಿದ್ದಿರಿ.

ಹತ್ತಿರ ಹೋಗಿ ನೋಡಿದರೆ ಆ ಆನೆಗಳೆಲ್ಲ ಲಂಟಾನದ ಕಡ್ಡಿಯಿಂದ ಮಾಡಿದವು. ನಮ್ಮ ರೋಜದ ಗಿಡ! ಕಪ್ಪು ಹಣ್ಣು ತಿಂದು ನಾಲಿಗೆ ತೋರಿಸುತ್ತಿದ್ದೆವಲ್ಲ, ಅದೇ. ಅಮೆರಿಕ ಖಂಡದ ಉಷ್ಣ ಪ್ರದೇಶದ ಈ ಗಿಡವನ್ನು ಬ್ರಿಟಿಷರು ಸುಮಾರು ಇನ್ನೂರು ವರ್ಷಗಳ ಹಿಂದೆ ಅಂದದ ಹೂವಿಗಾಗಿ ಕಲ್ಕತ್ತಾಕ್ಕೆ ತಂದರು. ಅಲ್ಲಿಂದ ಅದು ದೇಶದ ಕಾಡನ್ನೆಲ್ಲ ಹಬ್ಬಿತು. ಹುಲಿ ಇರುವ ಕಾಡುಗಳಲ್ಲಿ ಶೇ. 40ಕ್ಕೂ ಹೆಚ್ಚು ಭಾಗಕ್ಕೆ ಲಂಟಾನ ನುಗ್ಗಿದೆ ಎಂದು 2020ರ ಒಂದು ಅಧ್ಯಯನ ಹೇಳುತ್ತದೆ. ಅದು ಬೆಳೆದ ಕಡೆ ಹುಲ್ಲು ಬೆಳೆಯುವುದಿಲ್ಲ. ಹುಲ್ಲಿಲ್ಲದ ಕಾಡಿನ ಆನೆ ಎಲ್ಲಿಗೆ ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಆ ಆನೆಗಳನ್ನು ಮಾಡಿದವರು ನೀಲಗಿರಿಯ ಗೂಡಲೂರು ಕಡೆಯ ಬೆಟ್ಟ ಕುರುಂಬ, ಪಣಿಯ, ಕಾಟ್ಟುನಾಯಕ ಮತ್ತು ಸೋಲಿಗ ಸಮುದಾಯದವರು. ‘ದಿ ರಿಯಲ್ ಎಲಿಫೆಂಟ್ ಕಲೆಕ್ಟಿವ್’ ಎಂಬುದು ಅವರ ಸಂಸ್ಥೆಯ ಹೆಸರು. ಒಳಗೆ ಉಕ್ಕಿನ ಸರಳಿನ ಹಂದರ. ಹೊರಗೆ, ಬೇಯಿಸಿ ಸಿಪ್ಪೆ ಸುಲಿದು ಬಗ್ಗಿಸಿದ ಲಂಟಾನ. 2021ರಲ್ಲಿ ಇಂಥ ಆನೆಗಳು ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು, ಲಾಲ್‌ಬಾಗ್ ನಂತರ ಅಮೆರಿಕಕ್ಕೂ ಹೋದವು. ನನ್ನ ಮನಸ್ಸಿಗೆ ಬಹಳ ನಾಟಿದ ಸಂಗತಿ ಇನ್ನೊಂದು. ಅವು ಸುಮ್ಮನೆ ಕಲ್ಪಿಸಿದ ಆನೆಗಳಲ್ಲ. ಆ ಜನರ ಊರಿನ ಸುತ್ತ ಓಡಾಡುವ, ಅವರಿಗೆ ಹೆಸರು ಹಿಡಿದು ಗೊತ್ತಿರುವ ಆನೆಗಳನ್ನೇ ನೋಡಿ ಮಾಡಿದವು. ನಮ್ಮಲ್ಲೂ ಹೆಸರಿಲ್ಲವೇ? ಭೀಮ, ಕ್ಯಾಪ್ಟನ್, ಬೀಟಮ್ಮನ ಗುಂಪು, ಭುವನೇಶ್ವರಿ ಗುಂಪು ಎಂದು ಬೆಳಿಗ್ಗೆ ಎದ್ದರೆ ವಾಟ್ಸಾಪ್‌ನಲ್ಲಿ ಬರುವುದೇ ಆ ಹೆಸರುಗಳು.

ಅಲ್ಲಿಂದ ಬಂದ ಮೇಲೆ ಮೇಷ್ಟ್ರ ಮಾತು ನೆನಪಾಯಿತು. ಹುಡುಕಿ ಓದತೊಡಗಿದೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಎಂಬ ಕಲಾವಿದೆ ಇದ್ದಾರೆ. ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಅವರು ಕಟ್ಟಿದ ಕೆನ್ ಕಲಾಶಾಲೆಯಲ್ಲಿ ಓದಿದವರು. ಸಗಣಿ, ಕುಂಕುಮ, ದಾರ, ಸೂಜಿ, ಡಾಂಬರು ಡ್ರಮ್ಮು, ಇವೇ ಅವರ ಸಾಮಗ್ರಿ. ದೃಷ್ಟಿ ತಾಗದಿರಲಿ ಎಂದು ಗಾಡಿಗಳಿಗೆ ಕೂದಲಿನ ಹಗ್ಗ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಅವರು ಅಂಥ ಕೂದಲಿನ ಹಗ್ಗವನ್ನು ಸುಮಾರು 4,000 ಮೀಟರ್ ತೆಗೆದುಕೊಂಡು, ಅದರಲ್ಲಿ 20 ಕಾರಿನ ಬಂಪರ್‌ಗಳನ್ನು ತೂಗುಹಾಕಿ ‘ಬಿಹೋಲ್ಡ್’ ಎಂಬ ಕೃತಿ ಮಾಡಿದರು. 2009ರಲ್ಲಿ ಅದು ಇಟಲಿಯ ವೆನಿಸ್ ಬಿಯೆನಾಲೆಯಲ್ಲಿತ್ತು. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಕಬ್ಬಿಣದ ಭಾರವನ್ನು ಕೂದಲು ಹೊತ್ತಿದೆ. ದೇವರಿಗೆ ಮುಡಿ ಕೊಟ್ಟವನ ನಂಬಿಕೆ, ಗಾಡಿ ಓಡಿಸುವವನ ಭಯ, ಎರಡೂ ಅದರಲ್ಲಿವೆ. ಆದರೆ ಕೂದಲು ಕೂದಲೇ, ಬಂಪರ್ ಬಂಪರೇ. ಬಣ್ಣ ಬಳಿದು ಮುಚ್ಚಿಲ್ಲ. ಹಾಳೆ ಹಾಳೆಯಾಗಿಯೇ ಇರಬೇಕು ಎಂದು ಮೇಷ್ಟ್ರು ಹೇಳಿದ್ದು ಇದನ್ನೇ. ಇಪ್ಪತ್ತು ವರ್ಷ ತಡವಾಗಿ ನನಗೆ ಅರ್ಥವಾಯಿತು.

ಸುವರ್ಣ ಮಹೋತ್ಸವದ ಮೊದಲ ಸಭೆಗೆ ಬಂದಾಗ ನಾನು ಉತ್ಸಾಹದಿಂದ ಹೇಳಿದೆ: ‘ಗೇಟಿನ ಹತ್ತಿರ ಒಂದು ಲಂಟಾನದ ಆನೆ ಮಾಡೋಣ. ಶಾಲೆಯ ಹಳೇ ಕಬ್ಬಿಣ, ಊರಿನ ರೋಜದ ಗಿಡ, ಮಕ್ಕಳ ಕೈಕೆಲಸ.’ ಎಲ್ಲರೂ ಚೆನ್ನಾಗಿದೆ ಎಂದರು. ಒಬ್ಬ ಮಾತ್ರ ಎದ್ದು ನಿಂತ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತಿದ್ದವನು. ಅವನನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ, ಹೆಸರು ಬೇಡ ಅಂದಿದ್ದಾನೆ.

ನಾವು ಎಸ್‌ಎಸ್‌ಎಲ್‌ಸಿ ಮುಗಿಸಿದ ಮೂರನೇ ವರ್ಷ ಅವನ ತಂದೆ ತೋಟದ ಕೆಲಸ ಮುಗಿಸಿ ಸಂಜೆ ಮನೆಗೆ ಬರುವಾಗ ಶಾಲೆಯ ಈ ಹಿಂದಿನ ದಾರಿಯಲ್ಲೇ ಆನೆಗೆ ಸಿಕ್ಕಿ ತೀರಿಕೊಂಡರು. ದಾರಿಯ ಎರಡೂ ಕಡೆ ಲಂಟಾನ ಆಳೆತ್ತರ ಬೆಳೆದಿತ್ತು. ಹತ್ತು ಹೆಜ್ಜೆ ದೂರದಲ್ಲಿದ್ದ ಆನೆ ಅವರಿಗೆ ಕಾಣಲಿಲ್ಲ, ಅವರು ಆನೆಗೆ ಕಾಣಲಿಲ್ಲ. ನನ್ನ ಗೆಳೆಯ ಓದು ಬಿಟ್ಟು ವೆಲ್ಡಿಂಗ್ ಕಲಿತ.

ಅವನು ಸಭೆಯಲ್ಲಿ ಹೇಳಿದ್ದು ಇಷ್ಟು: ‘ನನ್ನ ಮಗಳು ಈಗ ಇದೇ ಶಾಲೆಗೆ ಬರ್ತಾಳೆ. ದಾರಿಯಲ್ಲಿ ಆನೆ ಇದೆಯಾ ಅಂತ ದಿನಾ ಫೋನ್ ನೋಡಿ ಕಳಿಸ್ತೀನಿ. ಅವಳು ಗೇಟಿಗೆ ಬಂದ ತಕ್ಷಣ ಎದುರಿಗೆ ಆನೆ ನಿಲ್ಲಿಸ್ತೀಯಾ? ನಿನಗೆ ಬೆಂಗಳೂರಿನಲ್ಲಿ ಆನೆ ಚೆಂದ.’

ನನ್ನಲ್ಲಿ ಉತ್ತರವಿರಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ನಮ್ಮ ಆಲೂರು, ಸಕಲೇಶಪುರದ ಕಡೆಯಿಂದ 2014ರ ಸುಮಾರಿಗೆ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಮತ್ತೆ ಬಂದವು. ಎಂಟು ವರ್ಷ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ವಲಯದಲ್ಲೇ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತ. ಮನುಷ್ಯರೂ ಸತ್ತಿದ್ದಾರೆ, ಆನೆಗಳೂ ಸತ್ತಿವೆ. ಇಂಥ ಊರಿನಲ್ಲಿ ಆನೆಯ ಶಿಲ್ಪ ಎಂದರೆ ಲಾಲ್‌ಬಾಗಿನ ಅಲಂಕಾರ ಅಲ್ಲ. ಆ ಯೋಚನೆ ಕೈಬಿಡೋಣ ಎಂದು ನಾನೇ ಹೇಳಿದೆ.

ಹದಿನೈದು ದಿನದ ಮೇಲೆ ರಾತ್ರಿ ಅವನೇ ಫೋನ್ ಮಾಡಿದ. ‘ಮಾಡೋದಾದ್ರೆ ನಾನು ಹೇಳಿದ ಹಾಗೆ ಮಾಡಬೇಕು’ ಎಂದ. ಮೂರು ಷರತ್ತು ಹಾಕಿದ. ಒಂದು, ಲಂಟಾನವನ್ನು ಮೊದಲು ಶಾಲೆಯ ದಾರಿಯ ಎರಡೂ ಬದಿಯಿಂದಲೇ ಕಡಿಯಬೇಕು, ಬೇರೆ ಎಲ್ಲಿಂದಲೂ ಅಲ್ಲ. ಎರಡು, ಕೋರೆ ಇರಬಾರದು. ಮೂರು, ಆನೆ ಶಾಲೆಗೆ ಬೆನ್ನು ಮಾಡಿ, ಕಾಡಿನ ಕಡೆ ಹೊರಟಿರಬೇಕು. ‘ನಮ್ಮೂರಿನವರು ಕಣ್ಣು ತುಂಬ ನೋಡೋ ಆನೆ ಅಂದ್ರೆ ಅದೊಂದೇ ಕಣೋ. ವಾಪಸ್ ಹೋಗ್ತಿರೋ ಆನೆ’ ಎಂದ.

ನಿಮ್ಮ ಪ್ರಶ್ನೆಗೆ ಉತ್ತರ ಇದು. ಆನೆ ಹಾಗೆ ನಿಂತಿರುವುದು ನನ್ನ ಐಡಿಯಾ ಅಲ್ಲ, ಅವನದು.

ಕೆಲಸ ಹೇಗಾಯಿತು ಎಂದು ಮಕ್ಕಳಿಗಾಗಿ ಸ್ವಲ್ಪ ವಿವರಿಸುತ್ತೇನೆ. ಶಾಲೆಯ ಹಳೆಯ ಬೆಂಚುಗಳ ಕಬ್ಬಿಣದ ಕಾಲು, ಕಿತ್ತ ಕಿಟಕಿಯ ಸರಳು ಇವನ್ನು ನಿಯಮದಂತೆ ಹರಾಜು ಹಾಕಿದಾಗ ಹಳೆಯ ವಿದ್ಯಾರ್ಥಿಗಳ ಸಂಘ ಹಣ ಕಟ್ಟಿ ಕೊಂಡುಕೊಂಡಿತು. ನಾವು ಕುಳಿತಿದ್ದ ಬೆಂಚಿನ ಕಾಲುಗಳೇ ಈಗ ಆ ಆನೆಯ ಕಾಲಿನ ಒಳಗಿವೆ. ಗೆಳೆಯ ಎರಡು ವಾರ ಹಗಲು ಅಂಗಡಿ ಕೆಲಸ ಮಾಡಿ, ಸಂಜೆ ಇಲ್ಲಿ ಬಂದು ಹಂದರ ಬೆಸೆದ. ನಾನು ಎಂಜಿನಿಯರ್ ಅಂತ ಕಂಪ್ಯೂಟರಿನಲ್ಲಿ ಒಂದು ಚಿತ್ರ ಬಿಡಿಸಿ ಕೊಟ್ಟಿದ್ದೆ. ಅವನು ಅದನ್ನು ನೋಡಿ, ‘ಆನೆ ನಡೆಯುವಾಗ ಹಿಂದಿನ ಕಾಲು ಮುಂದಿನ ಹೆಜ್ಜೆಯ ಗುರುತಿಗೆ ಹತ್ತಿರ ಬಂದು ಬೀಳುತ್ತೆ. ನಿನ್ನ ಆನೆ ಹಸು ನಿಂತ ಹಾಗಿದೆ’ ಎಂದ. ನಾವಿಬ್ಬರೂ ಕೆಸರಿನಲ್ಲಿ ಹೆಜ್ಜೆ ಗುರುತು ನೋಡುತ್ತಾ ಬೆಳೆದವರೇ. ನಾನು ಮರೆತಿದ್ದೆ, ಅವನು ಮರೆತಿರಲಿಲ್ಲ. ಚಿತ್ರ ತಿದ್ದಿದೆ.

ಎಂಟು ಭಾನುವಾರ ಊರಿನವರು, ಒಂಬತ್ತನೇ ತರಗತಿಯ ಮಕ್ಕಳು, ಪೋಷಕರು ಸೇರಿ ದಾರಿಯ ಲಂಟಾನ ಕಡಿದರು. ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ನೀರು ಕುದಿಸಿ ಕಡ್ಡಿ ಬೇಯಿಸಿದೆವು. ಚೆನ್ನಾಗಿ ಬೆಂದರೆ ತೊಗಟೆ ಸುಲಭವಾಗಿ ಬಿಡುತ್ತದೆ, ಬಿಸಿ ಇರುವಾಗಲೇ ಬಗ್ಗಿಸಿದರೆ ಮುರಿಯುವುದಿಲ್ಲ. ಮೊದಲ ಭಾನುವಾರ ಆತುರ ಮಾಡಿ ಅರೆಬೆಂದ ಕಡ್ಡಿ ಬಗ್ಗಿಸಿದೆವು, ಅರ್ಧಕ್ಕರ್ಧ ಸೀಳಿಹೋಯಿತು. ಎರಡನೆಯ ಭಾನುವಾರ ಹಸಿಯಾಗಿ ಬಿಗಿದದ್ದು ಒಣಗಿ ಕುಗ್ಗಿ ಸಡಿಲವಾಯಿತು, ಬಿಚ್ಚಿ ಮತ್ತೆ ಕಟ್ಟಿದೆವು. ದಪ್ಪ ಕಡ್ಡಿ ಬೆನ್ನಿಗೆ, ಸಣ್ಣ ಕಡ್ಡಿ ಮುಖಕ್ಕೆ, ಬಳ್ಳಿಯಂತೆ ತೆಳುವಾದದ್ದು ಸೊಂಡಿಲಿಗೆ. ಬಾಲಕ್ಕೆ ಸೈಕಲ್ ಚೈನು. ಉಗುರಿಗೆ ಹೇಮಾವತಿಯ ಬಿಳಿ ಕಲ್ಲು. ಕಣ್ಣಿಗೆ ಏನು ಎಂದು ಬಹಳ ಚರ್ಚೆಯಾಯಿತು. ಕೊನೆಗೆ ಹಳೇ ಪಂಪಿನ ಎರಡು ಬೋಲ್ಟ್ ಹಾಕಿದೆವು. ಬಣ್ಣ ಎಲ್ಲೂ ಬಳಿದಿಲ್ಲ.

ಇನ್ನೊಂದು ಸಂಗತಿ ಇದೆ. ಹೇಳಲೋ ಬೇಡವೋ ಎಂದು ಯೋಚಿಸಿದ್ದೆ, ‘ಹೇಳು, ಪರವಾಗಿಲ್ಲ’ ಎಂದ ಗೆಳೆಯ. ಹೊಟ್ಟೆಯ ಭಾಗ ಮುಚ್ಚುವ ಹಿಂದಿನ ಸಂಜೆ ಅವನು ಮನೆಯಿಂದ ಒಂದು ಬ್ಯಾಟರಿ ತಂದ. ಮೂರು ಸೆಲ್ಲಿನ, ಉದ್ದನೆಯ ಹಳೇ ಬ್ಯಾಟರಿ, ಗಾಜು ಒಡೆದಿತ್ತು. ಅವನ ತಂದೆ ಅಂದು ಸಂಜೆ ಕೈಯಲ್ಲಿ ಹಿಡಿದಿದ್ದದ್ದು. ಹದಿನೈದು ವರ್ಷದಿಂದ ಮನೆಯ ಅಟ್ಟದಲ್ಲಿತ್ತಂತೆ, ಬಿಸಾಡಲೂ ಆಗದೆ, ನೋಡಲೂ ಆಗದೆ. ಅದನ್ನು ಹಂದರದ ಒಳಗೆ, ಎದೆಯ ಹತ್ತಿರ, ತಂತಿಯಿಂದ ಬಿಗಿದ. ಯಾರೂ ಏನೂ ಕೇಳಲಿಲ್ಲ. ಮಕ್ಕಳು ಸುಮ್ಮನೆ ಕಡ್ಡಿ ಎತ್ತಿಕೊಟ್ಟರು. ಈಗಲೂ ಬಗ್ಗಿ, ಮುಂಗಾಲುಗಳ ನಡುವಿನಿಂದ ಮೇಲಕ್ಕೆ ನೋಡಿದರೆ ಕಾಣುತ್ತದೆ.

ಕೆಲವು ಹಿರಿಯರು ನನ್ನನ್ನು ಕೇಳಿದರು: ‘ಇದರಿಂದ ಆನೆ ಬರೋದು ನಿಲ್ಲುತ್ತಾ?’ ನಿಲ್ಲುವುದಿಲ್ಲ. ಶಿಲ್ಪಕ್ಕೆ ಆ ಶಕ್ತಿ ಇಲ್ಲ. ಎಲ್ಲಿ ಆನೆ ಇದೆ ಎಂದು ತಿಳಿಸುವ ಎಸ್‌ಎಂಎಸ್, ಧ್ವನಿ ಕರೆ, ಸಂಜೆ ಹೊತ್ತಿನ ಬಸ್ಸು, ದಾರಿದೀಪ, ಹಳೇ ರೈಲು ಕಂಬಿಯ ತಡೆಗೋಡೆ, ಇವೆಲ್ಲ ಬೇಕು, ಕೇಳುತ್ತಲೇ ಇರಬೇಕು. ಆದರೆ ಈ ಆನೆ ಮಾಡುವ ನೆಪದಲ್ಲಿ ಶಾಲೆಯ ದಾರಿ ಇನ್ನೂರು ಮೀಟರ್ ತೆರವಾಯಿತು. ಈಗ ಗೇಟಿನಲ್ಲಿ ನಿಂತರೆ ತಿರುವಿನ ತನಕ ಕಾಣುತ್ತದೆ. ಅದು ಲೆಕ್ಕಕ್ಕೆ ಸಿಗುವ ಲಾಭ. ಲೆಕ್ಕಕ್ಕೆ ಸಿಗದ್ದು ಒಂದಿದೆ. ಆನೆಯ ಬಗ್ಗೆ ಮಾತಾಡಿದರೆ ಜಗಳವೇ ಆಗುತ್ತಿದ್ದ ಊರಿನಲ್ಲಿ ತೋಟದವರು, ಕೂಲಿಯವರು, ಮೇಷ್ಟ್ರುಗಳು, ಅರಣ್ಯ ಇಲಾಖೆಯ ವಾಚರ್‌ಗಳು ಎಂಟು ಭಾನುವಾರ ಒಂದೇ ಡ್ರಮ್ಮಿನ ಸುತ್ತ ಕುಳಿತು ಕಡ್ಡಿ ಸುಲಿದರು.

ತಮ್ಮ ತಂಗಿಯರೇ, ಒಂದು ಮಾತು ನಿಮಗೆ. ಹಳೇಬೀಡಿನ ಆನೆಗಳು ಒಂಬತ್ತು ಶತಮಾನದ ಹತ್ತಿರ ಉಳಿದಿವೆ. ಇದು ಹಾಗೆ ಉಳಿಯುವುದಿಲ್ಲ. ನಮ್ಮ ಮಲೆನಾಡಿನ ಮಳೆ ಯಾವುದನ್ನೂ ಬಿಡುವುದಿಲ್ಲ. ಎರಡು ಮೂರು ಮಳೆಗಾಲಕ್ಕೆ ಕಡ್ಡಿ ಕಪ್ಪಾಗುತ್ತದೆ, ಕೆಲವು ಉದುರುತ್ತವೆ. ಕಬ್ಬಿಣದ ಹಂದರ ಮಾತ್ರ ನಿಲ್ಲುತ್ತದೆ. ಅಷ್ಟರಲ್ಲಿ ದಾರಿಯ ಬದಿಯ ಲಂಟಾನವೂ ಮತ್ತೆ ಚಿಗುರಿರುತ್ತದೆ, ಅದಕ್ಕೆ ಯಾರೂ ಗೊಬ್ಬರ ಹಾಕಬೇಕಿಲ್ಲ! ಆದ್ದರಿಂದ ಸಂಘದ ಪರವಾಗಿ ಒಂದು ವಿನಂತಿ. ಪ್ರತಿ ವರ್ಷ ಒಂಬತ್ತನೇ ತರಗತಿಯವರು ದಾರಿಯ ಗಿಡ ಕಡಿದು, ಆನೆಯ ಹಳೆಯ ಕಡ್ಡಿ ತೆಗೆದು ಹೊಸದು ಕಟ್ಟಬೇಕು. ಡ್ರಮ್ಮು, ಕತ್ತರಿ, ಕೈಗವಸು ಸಂಘ ಕೊಡುತ್ತದೆ. ಬಗ್ಗಿಸುವುದು ಹೇಗೆ ಎಂದು ನನ್ನ ಗೆಳೆಯ ಹೇಳಿಕೊಡುತ್ತಾನೆ, ಒಪ್ಪಿದ್ದಾನೆ. ನೀವು ಯಾವತ್ತಾದರೂ ಕಡ್ಡಿ ಬದಲಿಸುವಾಗ ಆ ಬ್ಯಾಟರಿಯನ್ನು ಮಾತ್ರ ಇದ್ದಲ್ಲೇ ಬಿಡಿ.

ನನಗೆ ಎಂಜಿನಿಯರಿಂಗ್ ಕಾಲೇಜು ಹೊಟ್ಟೆಪಾಡು ಕೊಟ್ಟಿತು. ಕಣ್ಣ ಮುಂದೆ ಬಿದ್ದಿರುವುದನ್ನು ಎರಡನೆಯ ಸಲ ನೋಡು ಎಂದು ಹೇಳಿಕೊಟ್ಟದ್ದು ಈ ಸರ್ಕಾರಿ ಹೈಸ್ಕೂಲು. ಅದನ್ನು ಕಲಿಸಿದ ನಮ್ಮ ಡ್ರಾಯಿಂಗ್ ಮೇಷ್ಟ್ರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ನಿನ್ನೆ ಸಂಜೆ ಅವರು ಕೋಲೂರಿಕೊಂಡು ಹೋಗಿ ಆನೆಯ ಸುತ್ತ ಒಂದು ಸುತ್ತು ಬಂದರು. ಹಾಳೆಯ ಕಿವಿ ಮುಟ್ಟಿ ನೋಡಿದರು. ‘ಈ ಸಲ ಬಣ್ಣ ಬಳಿದಿಲ್ಲ, ಒಳ್ಳೆಯದಾಯಿತು’ ಎಂದರು. ಇಪ್ಪತ್ತು ವರ್ಷದ ಹಿಂದಿನ ಮಾರ್ಕ್ಸು ನನಗೆ ನಿನ್ನೆ ಸಿಕ್ಕಿತು.

ಕಂಬಿಯ ಹತ್ತಿರ ಜವಾನರು ಸುತ್ತಿಗೆ ಹಿಡಿದು ನಿಂತಿರುವುದು ಇಲ್ಲಿಂದಲೇ ಕಾಣುತ್ತಿದೆ, ಊಟದ ಹೊತ್ತಾಯಿತು.